ಕಾಕಾನ ಬಾವಿಗೆ ನಾನು ಹೇಳಿದ ಸಾಕ್ಷಿ

ಕೋರ್ಟಿನಲ್ಲಿ ನಾನು ಸುಳ್ಳು ಹೇಳಲಿಲ್ಲ. ಇಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ನಿಜ ಹೇಳಿದೆನೇ ಎಂದು ಯಾರಾದರೂ ಕೇಳಿದರೆ ಮತ್ತೆ ಮೊದಲಿನಿಂದ ನೆನಪು ಮಾಡಿಕೊಳ್ಳಬೇಕಾಗುತ್ತದೆ. ನೆನಪು ಮಾಡಿಕೊಂಡಷ್ಟು ಸಲವೂ ಅದು ಸ್ವಲ್ಪ ಬೇರೆಯಾಗಿಯೇ ಬರುತ್ತದೆ.

ಗೊಳಸಂಗಿಯ ಆಚೆ ನಮ್ಮ ಕಾಕಾನ ಹೊಲವಿದೆ. ಹೊಲದ ನೆಲದೊಳಗೆ ಡೀಸೆಲ್ ಸಾಗಿಸುವ ಒಂದು ಕಂಪನಿಯ ಪೈಪು ಹಾದುಹೋಗಿದೆ. ಮೇಲೆ ಕಾಣುವುದು ಒಂದು ಹಳದಿ ಕಂಬ ಮಾತ್ರ. ಪೈಪಿನ ಪಟ್ಟಿಯ ಮೇಲೆ ಜೋಳ ಬಿತ್ತಬಹುದು, ಗಿಡ ಹಚ್ಚಬಾರದು, ಬಾವಿ ತೋಡಬಾರದು ಎಂಬ ಕಾಗದಕ್ಕೆ ಕಾಕಾ ಸಹಿ ಮಾಡಿದ್ದ. ಅವನ ಬಾವಿ ಮಾತ್ರ ಪೈಪಿಗಿಂತ ಬಹಳ ಹಳೆಯದು, ನನ್ನ ಅಜ್ಜ ತೋಡಿಸಿದ್ದು. ಹಳದಿ ಕಂಬದ ಹತ್ತಿರ ನಿಂತು ಮಾತಾಡಿದರೆ ಬಾವಿಯ ಕಟ್ಟೆಗೆ ಕೇಳಿಸುತ್ತದೆ. ಆ ಸುತ್ತಿನಲ್ಲಿ ಎಲ್ಲಿ ಬೋರು ಕೊರೆಸಿದರೂ ಸವಳು ನೀರು. ಸಿಹಿ ನೀರೆಂದರೆ ಆ ಬಾವಿಯದೊಂದೇ. ಅಕ್ಕಪಕ್ಕದ ಹೊಲದವರೂ ಅಲ್ಲಿಗೇ ಕೊಡ ತರುತ್ತಿದ್ದರು.

ಆ ವರ್ಷ ಎಳ್ಳಮಾವಾಸ್ಯೆಗೆ ನಾನು ಸಿಂದಗಿಯಿಂದ ಬಂದಿದ್ದೆ. ಅಲ್ಲಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹಬ್ಬದ ದಿನ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ. ಊಟದ ನಡುವೆ ಕಾಕಿ ಎದ್ದುಹೋಗಿ ಒಂದು ಬಕೀಟು ನೀರು ಸೇದಿ ತಂದಳು. ನೀರಿನ ಮೇಲೆ ತೆಳ್ಳಗೆ ಬಣ್ಣದ ಪದರವೊಂದು ತೇಲುತ್ತಿತ್ತು. ಪಾರಿವಾಳದ ಕುತ್ತಿಗೆಯ ಬಣ್ಣ. ಇದನ್ನು ನಾನು ನೋಡಿದ್ದೇನೆ. ನಾನು ತೋರಿಸಿದಾಗ ಕಾಕಿ ನಕ್ಕು, "ಕೈಯಾನ ಎಣ್ಣಿ ತಮ್ಮಾ, ಬದನಿಕಾಯಿಗೆ ಎಣ್ಣಿ ಜಾಸ್ತಿ ಸುರದೇನಿ," ಎಂದಳು. ಎಲ್ಲರೂ ನಕ್ಕೆವು. ಆ ನೀರನ್ನೇ ಕುಡಿದೆವು.

ವಾಸನೆ ಇತ್ತೇ? ಈಗ ಕೇಳಿದರೆ ಇತ್ತು ಅನ್ನಿಸುತ್ತದೆ. ಆದರೆ ಶಿವರಾತ್ರಿಯ ಹೊತ್ತಿಗೆ ಇಡೀ ಬಾವಿಯೇ ಗ್ಯಾರೇಜಿನಂತೆ ನಾರತೊಡಗಿತ್ತು. ಎಮ್ಮೆಗಳು ತೊಟ್ಟಿಗೆ ಮೂತಿ ಇಟ್ಟು ತಿರುಗಿಸಿಕೊಳ್ಳುತ್ತಿದ್ದವು. ಆ ವಾಸನೆಯೇ ಹಿಂದಕ್ಕೆ ಹೋಗಿ ಹಬ್ಬದ ಬಕೀಟಿನೊಳಗೆ ಸೇರಿಕೊಂಡಿರಬಹುದು.

ಶಿವರಾತ್ರಿ ಕಳೆದ ವಾರ ಕಂಪನಿಯವರು ಯಂತ್ರ ತಂದು ಹಳದಿ ಕಂಬದ ಬುಡ ಅಗೆದು, ಪೈಪಿನ ಒಂದು ತುಂಡು ಬದಲಿಸಿ, ಮಣ್ಣು ಮುಚ್ಚಿ ಹೋದರು. ಇದು ವರ್ಷವರ್ಷದ ದುರಸ್ತಿ, ಸೋರಿಕೆ ಏನೂ ಇಲ್ಲ ಎಂದರು. ಆಗ ನಾನೇ ಕಾಕಾನ ಹೆಸರಿನಲ್ಲಿ ಮಾಲಿನ್ಯ ನಿಯಂತ್ರಣ ಕಚೇರಿಗೆ ಅರ್ಜಿ ಬರೆದೆ. ಸೋಮವಾರ ಅಧಿಕಾರಿ ಬಂದು ನೀರಿನ ಮಾದರಿ ಒಯ್ಯುತ್ತಾರೆಂದು ಉತ್ತರ ಬಂತು.

ಭಾನುವಾರ ಕಾಕಾ ನಾಲತವಾಡದಿಂದ ಹೂಳೆತ್ತುವವರನ್ನು ಕರೆಸಿದ. ಬಾವಿಯ ನೀರನ್ನೆಲ್ಲ ಪಂಪಿನಿಂದ ಹಳ್ಳಕ್ಕೆ ಹೊಡೆಸಿದ. ಕೆಸರು ತೆಗೆಸಿ, ಕಲ್ಲು ತಿಕ್ಕಿಸಿ, ಸುಣ್ಣ ಸುರಿಸಿ, ಕಟ್ಟೆಗೆ ಕುಂಕುಮ ಹಚ್ಚಿ ಕಾಯಿ ಒಡೆದ. ನಮ್ಮ ಕಡೆ ಮನೆಗೆ ಸಾಹೇಬರು ಬರುತ್ತಾರೆಂದರೆ ಅಂಗಳ ಸಾರಿಸಿಯೇ ಬರಮಾಡಿಕೊಳ್ಳಬೇಕು. ಆಮೇಲೆ ನಾನು ಕೂಗಾಡಿದಾಗ ಅವನು ಅಂದದ್ದೂ ಅದೇ: "ಅಷ್ಟು ದೂರದಿಂದ ಸಾಹೇಬ್ರು ಬರ್ತಾರ. ಹೊಲಸು ಬಾವಿ ತೋರಸೂದೇನಲೇ? ಮಂದಿ ಏನ ಅಂದಾರು?"

ಅಧಿಕಾರಿ ಬಂದರು. ಚಹಾ ಕುಡಿದರು. ಬಾಟಲಿಯಲ್ಲಿ ತಿಳಿನೀರು ತುಂಬಿಕೊಂಡು ಹೋದರು. ಸುಣ್ಣದ ಅಂಶ ಹೆಚ್ಚು, ಎಣ್ಣೆಯ ಅಂಶ ಕಂಡುಬಂದಿಲ್ಲ ಎಂದು ವರದಿ ಬಂತು.

ಬಾವಿಯನ್ನು ಮುಟ್ಟಬೇಡಿ ಎಂದು ನಾನು ಶನಿವಾರವೇ ಫೋನಿನಲ್ಲಿ ಹೇಳಿದ್ದೆ. ಹಾಗೆಂದು ನನ್ನ ನೆನಪು. ಕಾಕಿಯ ಪ್ರಕಾರ ಶನಿವಾರ ಸಂಜೆ ನಾನು ಅವರ ಪಡಸಾಲೆಯಲ್ಲೇ ಕೂತಿದ್ದೆ. "ನಿಮ್ಮ ಕಾಕಾ ಹೂಳ ತಗಸ್ತೇನಿ ಅಂದಾಗ ನೀ ಹೂಂ ಅಂದಿ ತಮ್ಮಾ. ಕೈಯಾಗ ಮೊಬೈಲ್ ಇತ್ತು, ಹೂಂ ಅಂದಿ." ಅವಳಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ. ಊರಿಗೆ ಬಸ್ಸಿನಲ್ಲಿ ಬಂದ ದಿನಗಳನ್ನು ನಾನು ಎರಡು ಸಲ ಲೆಕ್ಕ ಹಾಕಿದೆ, ಹಳೆಯ ಫೋನು ಹುಡುಕಿದೆ. ಏನೂ ಸಿಗಲಿಲ್ಲ.

ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ದಾವೆ ಹೂಡಿದೆವು. ಕಂಪನಿಯವರು ಬಾವಿ ಶುದ್ಧ ಮಾಡಿಕೊಡಬೇಕು, ಅಲ್ಲಿಯ ತನಕ ಕುಡಿಯುವ ನೀರು ಕೊಡಬೇಕು, ಇಷ್ಟೇ ಬೇಡಿಕೆ. ಅವರು ಅಗೆದದ್ದು ಸೋರಿಕೆಗೇ ಎನ್ನಲು, ಪೈಪು ಅಗೆಯುವ ಬಹಳ ಮೊದಲೇ ನೀರು ಕೆಟ್ಟಿತ್ತು ಎಂದು ತೋರಿಸಬೇಕಿತ್ತು. ನೀರು ಹಳ್ಳಕ್ಕೆ ಹೋಗಿತ್ತು. ಅಕ್ಕಪಕ್ಕದ ಹೊಲದವರು ಕೋರ್ಟಿಗೆ ಬರಲು ಒಪ್ಪಲಿಲ್ಲ. ಉಳಿದದ್ದು ನಾನು. ಇಂಡಿಯಿಂದ ಬರುತ್ತಿದ್ದ ನಮ್ಮ ವಕೀಲರು, "ನೀವು ಓದಿದವ್ರು ಅದೀರಿ, ನಿಮ್ಮ ಮಾತಿಗಿ ತೂಕ ಐತ್ರಿ," ಎಂದು ನನ್ನ ಹೇಳಿಕೆ ಬರೆಸಿಕೊಂಡರು. ಹಬ್ಬದ ದಿನವೇ ಡೀಸೆಲ್ ವಾಸನೆ ಬಂದಿತ್ತು ಎಂಬ ಸಾಲಿಗೆ ನಾನು ಸಹಿ ಹಾಕಿದೆ. ಆಗ ಅದು ನಿಜವೇ ಅನ್ನಿಸಿತ್ತು.

ದಿನಾಂಕದ ಮೇಲೆ ದಿನಾಂಕ. ನ್ಯಾಯಾಧೀಶರ ವರ್ಗಾವಣೆ, ಕಂಪನಿಯ ಕಾಲಾವಕಾಶ. ಕಾಕಾ ಪ್ರತಿ ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಕೊನೆಗೆ ನನ್ನ ಪಾಟೀಸವಾಲಿನ ದಿನ ಬಂತು.

ಕಂಪನಿಯ ವಕೀಲರು ಸೂಟು ಹಾಕಿದ ಗರ್ವಿಷ್ಠರಾಗಿರುತ್ತಾರೆ ಎಂದುಕೊಂಡಿದ್ದೆ. ಅವರೂ ನಮ್ಮ ಜಿಲ್ಲೆಯವರೇ, ವಯಸ್ಸಾದವರು, ಮೆತ್ತಗಿನ ಮಾತು.

"ಸರ, ಎಳ್ಳಮಾಸಿ ದಿನ ಏನೇನ ಊಟ ಇತ್ರಿ?"

ಹೇಳಿದೆ.

"ಎಣ್ಣಿಗಾಯಿ ಇತ್ತು. ಹೋಳಿಗಿ ಮ್ಯಾಲ ತುಪ್ಪ?"

"ಇತ್ತು."

"ನಮ್ಮ ಮನ್ಯಾಗೂ ಇರ್ತೈತ್ರಿ. ನೀರ ಸೇದಿದವ್ರು ಕೈ ತೊಳಕೊಂಡಿದ್ರೇನು?"

"ಇಲ್ಲ, ಊಟದ ನಡುವೆ ಎದ್ದಿದ್ದರು."

"ಬಣ್ಣಾ ನೋಡಿ ಅವ್ರೇನಂದ್ರು?"

ನಾನು ಕಾಕಿಯ ಮಾತನ್ನು ಹೇಳಿದೆ. ಬೆಂಚುಗಳಲ್ಲಿ ಯಾರೋ ನಕ್ಕರು. ಕಂಪನಿಯ ವಕೀಲರು ನಗಲಿಲ್ಲ. "ಮತ್ತ ವಾಸನಿ? ಆವತ್ತೇ ಬಂತಂತ ಆಣಿ ಮಾಡಿ ಹೇಳ್ತೀರೇನ್ರಿ?" ಎಂದರು.

ಹೇಳುತ್ತೇನೆ ಎಂದು ಬಾಯಿ ತೆರೆದೆ. ಧಾರವಾಡದಲ್ಲಿ ಓದುವಾಗಿನಿಂದ ಇವತ್ತಿನವರೆಗೆ ನಾನು ಕಲಿತದ್ದು, ಕಲಿಸಿದ್ದು ಒಂದೇ: ಕಣ್ಣಾರೆ ಕಂಡವನ ಮಾತನ್ನೂ ಹಾಗೇ ನುಂಗಬೇಡಿ, ಅವನು ಯಾರ ಕಡೆಯವನು ನೋಡಿ, ಎಷ್ಟು ದಿನದ ಮೇಲೆ ಹೇಳಿದ ನೋಡಿ. ಬಕೀಟನ್ನು ನೆನೆದೆ. ಬಣ್ಣ ಬಂತು. ಕಾಕಿಯ ನಗು ಬಂತು. ವಾಸನೆ ಬರಲಿಲ್ಲ.

"ಖಚಿತವಾಗಿ ಹೇಳಲಾರೆ," ಎಂದೆ.

ಟೈಪು ಮಾಡುವವರು ಅದನ್ನು ಬರೆದುಕೊಂಡರು. ನಮ್ಮ ವಕೀಲರು ಫೈಲು ಮುಚ್ಚಿದರು. ಕಾಕಾ ನನ್ನನ್ನಲ್ಲ, ಗೋಡೆಯ ಫ್ಯಾನನ್ನು ನೋಡುತ್ತಿದ್ದ.

ಹೊರಗೆ ಬಂದ ಮೇಲೆ ಅವನೇ ಚಹಾ ಕೊಡಿಸಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನೇ, "ಖರೇ ಇದ್ದದ್ದು ಹೇಳಬೇಕಲ್ಲ ಕಾಕಾ," ಎಂದೆ.

"ಹೇಳಬೇಕು," ಎಂದ. ಬಸಿಯಲ್ಲಿ ಉಳಿದ ಚಹಾ ಕುಡಿದು ಕೇಳಿದ, "ಖರೇ ಏನಂತ ನಿನಗ ಗೊತ್ತೈತೇನು?"

ಅಲ್ಲಿಂದ ಅವನ ಜೊತೆಗೇ ಹೊಲಕ್ಕೆ ಹೋದೆ. ಹಳದಿ ಕಂಬದ ಬುಡದಲ್ಲಿ ಹುಲ್ಲು ಬೆಳೆದು, ಅಗೆದ ಗುರುತೂ ಉಳಿದಿರಲಿಲ್ಲ. ಬಾವಿಯಲ್ಲಿ ನೀರು ತಿಳಿಯಾಗಿಯೇ ಇತ್ತು. ಯಾರೂ ಕುಡಿಯುವುದಿಲ್ಲ. ಕಾಕಿ ಈಗ ಊರಿನ ನಳದಿಂದ ಎರಡು ಕೊಡ ಹೊತ್ತು ತರುತ್ತಾಳೆ. ಬಿಸಿಲು ಏರಿದಾಗ ವಾಸನೆ ಬರುತ್ತದೆ ಎನ್ನುತ್ತಾಳೆ. ಎರಡನೆಯ ಸಲದ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಎಮ್ಮೆಗಳು ಮಾತ್ರ ಇನ್ನೂ ಮೂತಿ ತಿರುಗಿಸುತ್ತವೆ.

ಕಾಕಿ ಒಂದು ಬಕೀಟು ಸೇದಿ ನನ್ನ ಮುಂದಿಟ್ಟಳು. ಕೋರ್ಟಿನಲ್ಲಿ ಏನಾಯಿತೆಂದು ಕಾಕಾನ ಮುಖದಿಂದಲೇ ಅವಳಿಗೆ ತಿಳಿದಿತ್ತು. ನಾನು ಮಂಡಿಯೂರಿ ಮೂಗು ನೀರಿಗೆ ತಾಗುವಷ್ಟು ಬಗ್ಗಿದೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ, ದೂರದಲ್ಲಿ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದ ಹಾಗೆ, ಒಂದು ವಾಸನೆ. ನೀರಿನದೋ, ಅವರಿಬ್ಬರೂ ನನ್ನನ್ನೇ ನೋಡುತ್ತ ನಿಂತದ್ದರಿಂದ ಬಂದದ್ದೋ ನನಗೆ ತಿಳಿಯಲಿಲ್ಲ.

"ಬಂತೇನು?" ಕಾಕಿ ಕೇಳಿದಳು.

"ಹೂಂ," ಎಂದೆ.

"ಇದನ್ನ ಅಲ್ಲಿ ಅನ್ನಬೇಕಿತ್ತಪಾ," ಎಂದು ಅವಳು ಬಕೀಟು ಎತ್ತಿ, ನೀರನ್ನು ಬದುವಿನ ಮೇಲೆ ಚೆಲ್ಲಿದಳು.