ಹುಳ ಚೆನ್ನಾಗಿವೆ ಅನ್ನಬಾರದ ಮನೆ

ಮಾಲೂರಿನಿಂದ ಸುಗಟೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಗಿರಾಕಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಅತ್ತೆ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಹತ್ತು ದಿನ ಸಾಕಿ, ಬಿದಿರಿನ ತಟ್ಟೆ ಸಮೇತ ಊರಿನ ಹದಿನಾಲ್ಕು ಮನೆಗಳಿಗೆ ಕೊಡುತ್ತಿದ್ದರು. ಎಳೆ ಹುಳ ಸಾಕುವುದೆಂದರೆ ಬಾಣಂತಿಯ ಕೂಸನ್ನು ನೋಡಿಕೊಂಡಂತೆ, ಎಲ್ಲರ ಕೈಗೂ ಹತ್ತುವುದಿಲ್ಲ. ಮಾವ ತೀರಿಕೊಂಡ ಮೇಲೆ ಯಾರನ್ನೂ ಕೇಳದೆ ಅತ್ತೆ ತಾವೇ ಶುರುಮಾಡಿದ ವ್ಯಾಪಾರವದು. ಬೋರ್ಡಿಲ್ಲ, ರಸೀದಿಯಿಲ್ಲ, ಇದ್ದ ಬಂಡವಾಳ ಅವರ ಹೆಸರೊಂದೇ.

ಬಂದವರಾದರೋ ತಟ್ಟೆಯೊಳಗೆ ಬಗ್ಗಿ ನೋಡಿ, ಮುಖ ಸಿಂಡರಿಸಿ, "ಏನೂ ಸುಖ ಇಲ್ಲ ಬಿಡಕ್ಕ" ಅನ್ನುವರು. ಮುಳಬಾಗಿಲು ಕಡೆಯಿಂದ ಬಂದಿದ್ದ ಪಕ್ಕದ ಮನೆಯಾಕೆಯಂತೂ "ಬಾಗಲೇದಕ್ಕಾ, ಏಮೀ ಬಾಗಲೇದು" ಎಂದು ತೆಲುಗಿನಲ್ಲೇ ಹೀಗಳೆದು, ಅದೇ ತಟ್ಟೆ ತಲೆಯ ಮೇಲಿಟ್ಟುಕೊಂಡು ನಗುತ್ತ ಹೋಗುವಳು. ಅತ್ತೆಗೂ ನಗು. ಚೆನ್ನಾಗಿಲ್ಲದಿದ್ದರೆ ಒಯ್ಯುವುದೇಕೆ? ಒಂದು ದಿನ ತಡೆಯಲಾರದೆ, "ಚೆನ್ನಾಗಿಲ್ದಿದ್ರೆ ಇಲ್ಲೇ ಇಟ್ಟು ಹೋಗಿ" ಎಂದುಬಿಟ್ಟೆ. ಆಕೆ ಕಣ್ಣು ಪಿಳಿಪಿಳಿ ಬಿಟ್ಟಳು. ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಹೋದರು.

"ಹುಳಾನ ಚೆನ್ನಾಗವೆ ಅನ್ಬಾರ್ದು ಕಣೇ, ದೃಷ್ಟಿ ಆಗ್ತದೆ. ಅದಕ್ಕೇ ಎಲ್ರೂ ಹಳೀತಾರೆ."

"ಮತ್ತೆ ನಿಜವಾಗ್ಲೂ ಕೆಟ್ಟಿದ್ರೆ ಏನಂತಾರೆ ಅತ್ತೆ?"

"ನಮ್ಮನೇಲಿ ಹಂಗಾಗಲ್ಲ."

ಹಾಗೂ ಆಯಿತು. ಮಳೆಗಾಲದ ಒಂದು ಹುಳದ ಬೆಳೆಯಲ್ಲಿ ಹಾಕಿದ ಹಿಪ್ಪುನೇರಳೆ ಸೊಪ್ಪು ಹಾಗೇ ಉಳಿಯತೊಡಗಿತು. ಒಂದು ಹುಳ ದಪ್ಪ, ಪಕ್ಕದ್ದು ಸಣಕಲು. ನಾನು ಹೊಸಬಳು, ನನಗೇನು ತಿಳಿದೀತು? ಆದರೂ "ಹುಳ ಚೆನ್ನಾಗಿಲ್ಲ ಅತ್ತೆ" ಅಂದೆ. ಅವರ ಮುಖ ಅರಳಿತು. "ಈಗ ಕಲಿತೆ ನೋಡು!"

"ಅಯ್ಯೋ, ನಿಜವಾಗ್ಲೂ ಚೆನ್ನಾಗಿಲ್ಲ ಅತ್ತೆ."

"ಇನ್ನೂ ಗಟ್ಟಿಯಾಗಿ ಹೇಳು, ಬೀದಿಗೆ ಕೇಳಿಸ್ಲಿ."

ಮೂರನೇ ಸಲ ಹೇಳಲು ಬಾಯಿ ಬರಲಿಲ್ಲ. ತಟ್ಟೆಗಳು ಮನೆಮನೆಗೆ ಹೋದವು. ವಾರ ಕಳೆಯುವುದರೊಳಗೆ ಹುಳ ಊದಿಕೊಂಡು, ಮೈ ಒಡೆದು ಹಾಲಿನಂಥ ರಸ ಸುರಿಯತೊಡಗಿತು. ಹಾಲುತೊಂಡೆ ರೋಗ. ಹದಿನಾಲ್ಕು ಮನೆಯವರೂ ಗುಂಡಿ ತೋಡಿ ಹುಳ ಮುಚ್ಚಿದರು. ಯಾರೂ ಜಗಳಕ್ಕೆ ಬರಲಿಲ್ಲ, ಮಾತಾಡಿಸುವುದನ್ನೇ ಬಿಟ್ಟರು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಷ್ಟೋ ದಿನದಿಂದ ಅವರು ಹುಳವನ್ನು ಬರೀ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಅತ್ತೆ ಪ್ರತಿ ಮನೆಯ ಬಾಗಿಲಿಗೂ ಹೋಗಿ "ತಪ್ಪು ನಂದು" ಅಂದರು. ನಾನು ಹಿಂದೆ ನಿಂತಿರುತ್ತಿದ್ದೆ. ಒಂದೊಂದು ಬಾಗಿಲಲ್ಲೂ "ನಾನು ಹೇಳಿದ್ದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಹೇಳಿದ್ದೆನೇ? ಅಥವಾ ಎಲ್ಲರೂ ಹೇಳುವುದನ್ನೇ ನಾನೂ ಅಂದಿದ್ದೆನೇ? ತಟ್ಟೆ ಅಡ್ಡ ಹಿಡಿದು ಕೂಗಬೇಕಿತ್ತೇ? ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಯಾರ ಮೇಲೆ ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಮನೆ ತೊಳೆದು, ಸುಣ್ಣ ಬಳಿದು, ಔಷಧಿ ಹೊಡೆದು ಮತ್ತೆ ಮೊಟ್ಟೆ ತಂದೆವು. ಕೊಡುವ ದಿನ ಬಂದವಳು ಪಕ್ಕದ ಮನೆಯಾಕೆ ಒಬ್ಬಳೇ. ಮಿಕ್ಕವರು ತಮ್ಮ ತಮ್ಮ ಜಗಲಿಯ ಮೇಲೆ ನಿಂತು ಇತ್ತ ನೋಡುತ್ತಿದ್ದರು. ಆಕೆ ತಟ್ಟೆಗೆ ಬಗ್ಗಿದಳು, ಏನೂ ಅನ್ನಲಿಲ್ಲ. ಚೆನ್ನಾಗಿಲ್ಲ ಅಂದರೆ ಈ ಸಲ ಎಲ್ಲರೂ ನಂಬಿಬಿಡುತ್ತಾರಲ್ಲ.

ಅತ್ತೆ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಅಂದರು: "ನನ್ ಕಣ್ಣು ಹೋಗವೆ. ಇನ್ಮೇಲೆ ಹುಳ ನೋಡೋಳು ನನ್ ಸೊಸೆ. ಹೇಳೇ, ಹೆಂಗವೆ?"

ನಾನು ತಟ್ಟೆಗೆ ಬಗ್ಗಿದೆ. ಹಳಿದರೆ ಗಿರಾಕಿ ಹೋಗುತ್ತಾರೆ, ಹೊಗಳಿದರೆ ಹುಳ ಹೋಗುತ್ತವೆ. ಹಾಕಿದ ಸೊಪ್ಪು ಪೂರಾ ಖಾಲಿಯಾಗಿತ್ತು. ಹುಳಗಳೆಲ್ಲ ಒಂದೇ ಸಮ ಇದ್ದವು.

"ಚೆನ್ನಾಗವೆ" ಅಂದೆ.

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮೆಲ್ಲಗೆ ತಟ್ಟೆ ಎತ್ತಿಕೊಂಡಳು. ಸಂಜೆಯೊಳಗೆ ಒಂಬತ್ತು ಮನೆಯವರು ಬಂದು ಹೋದರು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ನನ್ನನ್ನು ಅಂಗಳಕ್ಕೆ ಕರೆದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನನಗೇ ಮೂರು ಸುತ್ತು ನಿವಾಳಿಸಿದರು.

"ಹುಳಕ್ಕಲ್ವಾ ಅತ್ತೆ?"

"ಹುಳ ಹೋದ್ರೆ ಇನ್ನೊಂದು ಬೆಳೆ ಬರ್ತದೆ ಕಣೇ. ಸುಮ್ನೆ ನಿಂತ್ಕೋ."