ಅಕ್ಕ ಓದದೆ ಮಾರಿದ ಪುಸ್ತಕ

ಕನ್ನಡಕದ ಅಂಗಡಿಯವನಿಗೆ ಅವನ ಅಕ್ಕ ಚಿಕ್ಕಂದಿನಲ್ಲೇ ಚಿಂತಾಮಣಿ ಎಂದು ಅಡ್ಡಹೆಸರಿಟ್ಟಿದ್ದಳು. ಚಿಂತೆ ಮಾಡುವುದಕ್ಕೆ ಅವನಿಗೆ ಕಾರಣವೇ ಬೇಕಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು, ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ವಾಪಸ್ ಬಂದು ಜಗ್ಗಿ ನೋಡುತ್ತಿದ್ದ. ಗಿರಾಕಿಗಳು ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿಯುವಾಗ, ಎಲ್ಲಿ ಎಡವುತ್ತಾರೋ ಎಂದು ಇವನ ಎದೆ ಡವಡವ. ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಆ ಕಿಷ್ಕಿಂಧೆಯಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಇಂಥ ಪುಕ್ಕಲು ಮನುಷ್ಯ ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದ ಎಂದಾಗ ಬೀದಿಯವರಿಗೆ ನಂಬಿಕೆಯೇ ಬರಲಿಲ್ಲ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಗಾಜು ಉಜ್ಜುವ ಯಂತ್ರದ ಮರೆಯಲ್ಲಿ ಕೂತು ಬರೆದದ್ದು ಅದು. ಎಲ್ಲ ಅಂಗಡಿಗೆ ಬಂದುಹೋದವರ ಪ್ರಸಂಗಗಳೇ. ಕಣ್ಣು ಮಂಜಾದರೂ ವಯಸ್ಸಾಯಿತೆಂದು ಒಪ್ಪದೆ, ಅಚ್ಚಿನ ಅಕ್ಷರವೇ ಚಿಕ್ಕದಾಗಿದೆ ಎಂದು ಜಗಳ ತೆಗೆದ ನಾಟಕದ ನಟ, ಒಂದೇ ಕನ್ನಡಕದಲ್ಲಿ ಸರದಿಯ ಮೇಲೆ ಪೇಪರ್ ಓದುವ ಗಂಡ ಹೆಂಡತಿ, ಹೀಗೆ. ಪ್ರೆಸ್ಸಿನ ಮಾಲೀಕ ಅವನ ಬಾಲ್ಯದ ಗೆಳೆಯ. ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, "ಇದನ್ನ ನಾನೇ ಅಚ್ಚು ಹಾಕ್ತೀನಿ" ಎಂದ.

ಅದರಲ್ಲಿ ಒಂದು ಪ್ರಸಂಗ ಮಾತ್ರ ಗಿರಾಕಿಯದಲ್ಲ, ಅಕ್ಕನದು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ವೈರುಗಳನ್ನು ಚುಚ್ಚುತ್ತ ಕೀಳುತ್ತ ಊರನ್ನೆಲ್ಲ ಮಾತಿಗೆ ಕೂಡಿಸಿದವಳು. ವಯಸ್ಸಿನಲ್ಲಿ ಅವಳಿಗೊಂದು ಸಂಬಂಧ ಗೊತ್ತಾಗಿತ್ತು. ಇನ್ನೇನು ಮದುವೆ ಎನ್ನುವಾಗ ಒಂದು ದಿನ ಕೆಲಸ ಮುಗಿಸಿ ಬಂದವಳೇ, ಈ ಮದುವೆ ಬೇಡ ಎಂದಳು. ಯಾಕೆ ಎಂದರೆ ತುಟಿ ಪಿಟಕ್ಕೆನ್ನಲಿಲ್ಲ. ಅವಳ ದಪ್ಪ ಗಾಜಿನ ಕನ್ನಡಕ ನೋಡಿ ವರನೇ ಓಡಿಹೋದನಂತೆ ಎಂದು ಊರು ಆಡಿಕೊಂಡಿತು. ಸೋಡಾಬುಡ್ಡಿ ಎಂದು ಬೆನ್ನ ಹಿಂದೆ ನಕ್ಕಿತು. ಅವಳು ಅದನ್ನೂ ನುಂಗಿಕೊಂಡಳು. ಆಮೇಲೆ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ. ತಮ್ಮನ ಸಂಸಾರವನ್ನೇ ತನ್ನದು ಮಾಡಿಕೊಂಡಳು.

ನಿಜ ಸಂಗತಿಯನ್ನು ಅವಳು ತಮ್ಮನಿಗೆ ಹೇಳಿದ್ದು ನಿವೃತ್ತಿಯ ದಿನ, ಹಾರವನ್ನು ಮೊಳೆಗೆ ತಗುಲಿಹಾಕಿ ಟೀ ಕುಡಿಯುತ್ತ ಕೂತಾಗ. ಆ ವರ ಅಂದು ಬೇರೆ ಊರಿನ ಗೆಳೆಯನಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದ. ಲೈನ್ ಕೊಟ್ಟವಳು ಇವಳೇ. "ಹುಡುಗಿ ಏನೂ ಚೆನ್ನಾಗಿಲ್ಲ ಕಣೋ, ಸಂಬಳ ಚೆನ್ನಾಗಿದೆ" ಎಂದು ಅವನು ನಗುತ್ತಿದ್ದ. ಕೇಳಿಸಿಕೊಂಡೆ ಎಂದು ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. ಬೇರೆಯವರ ಮಾತಿಗೆ ಆಪರೇಟರ್ ಕಿವಿ ಕೊಡುವಂತಿಲ್ಲ.

"ನಿನ್ನ ಹೊಟ್ಟೆಯಲ್ಲಿರಲಿ" ಎಂದಿದ್ದಳು ಅಕ್ಕ.

ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೆಸರು ಹಾಕದೆ, 'ನಮ್ಮ ಬೀದಿಯ ಒಬ್ಬ ಆಪರೇಟರ್' ಎಂದು ಬರೆದ. ಆ ಬೀದಿಗೆಲ್ಲ ಆಪರೇಟರ್ ಆಗಿದ್ದವಳು ಒಬ್ಬಳೇ ಎನ್ನುವುದು ಬರೆಯುವಾಗ ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಾದನೋ. ತೆಗೆದುಬಿಡೋಣವೇ ಎಂದು ಕೇಳಿದಾಗ ಪ್ರೆಸ್ಸಿನ ಗೆಳೆಯ, "ಇಡೀ ಪುಸ್ತಕದಲ್ಲಿ ಜೀವ ಇರೋದೇ ಅಲ್ಲಿ" ಎಂದ. ಅಷ್ಟಕ್ಕೆ ಇವನು ಉಬ್ಬಿಹೋದ. ಆಗ ಅಕ್ಕನ ಕಣ್ಣಿಗೆ ಪೊರೆ ಬಂದು ಅಕ್ಷರವೇ ಕಾಣುತ್ತಿರಲಿಲ್ಲ. "ಓದಿ ಹೇಳ್ಲಾ ಅಕ್ಕ?" ಎಂದು ಹೆದರುತ್ತ ಕೇಳಿದ್ದಕ್ಕೆ, "ಬೇಡ. ಆಪರೇಷನ್ ಆಗಲಿ, ಪುಸ್ತಕವೂ ಬರಲಿ, ನಾನೇ ಓದ್ತೀನಿ" ಎಂದಳು. ಅವನಿಗೆ ಬೀಸುವ ದೊಣ್ಣೆ ತಪ್ಪಿದಂತಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ದೂರದ್ದೆಲ್ಲ ಅಕ್ಕನಿಗೆ ಈಗ ಗಾಜಿಲ್ಲದೆ ನಿಚ್ಚಳ. ಬೀದಿಯ ಆ ತುದಿಯಲ್ಲಿ ಬರುವವರನ್ನೂ ಗುರುತು ಹಿಡಿದು ಕೂಗಿ ಕರೆಯುತ್ತಿದ್ದಳು. ಹತ್ತಿರದ್ದಕ್ಕೆ ಮಾತ್ರ ಓದುವ ಕನ್ನಡಕ ಬೇಕು ಎಂದು ಡಾಕ್ಟರು ನಂಬರ್ ಬರೆದುಕೊಟ್ಟರು. ಆ ಚೀಟಿ ಹೋಗಿ ಸೇರಿದ್ದು ಚಿಂತಾಮಣಿಯ ಜೇಬಿಗೆ. ಅದೇ ವಾರ ಪ್ರೆಸ್ಸಿನಿಂದ ಪುಸ್ತಕದ ಕಟ್ಟುಗಳೂ ಬಂದವು.

"ಎಲ್ಲೋ ನನ್ನ ಕನ್ನಡಕ?"

"ಕಣ್ಣು ಇನ್ನೂ ಹದಕ್ಕೆ ಬರಬೇಕಕ್ಕ."

"ಎಲ್ಲೋ ನನ್ನ ಕನ್ನಡಕ?"

"ಆ ನಂಬರಿನ ಗಾಜು ಇನ್ನೂ ಬಂದಿಲ್ಲ."

ಗಾಜು ಬಂದಿತ್ತು. ಉಜ್ಜಿ, ಫ್ರೇಮಿಗೆ ಕೂಡಿಸಿ, ಒರೆಸಿ, ಮೇಜಿನ ಕೆಳಗಿನ ಖಾನೆಯಲ್ಲಿ ಹಿಂದಕ್ಕೆ ತಳ್ಳಿ ಇಟ್ಟಿದ್ದ. ನಾಳೆ ಕೊಡೋಣ ಎಂದು ದಿನಾ ಅಂದುಕೊಳ್ಳುವುದು, ದಿನಾ ಖಾನೆ ಮುಚ್ಚುವುದು.

ಇತ್ತ ಅಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ತಮ್ಮ ಪುಸ್ತಕ ಬರೆದಿದ್ದಾನೆ, ಮಾರುವವರು ಯಾರು? ಬೆಳಗಾದರೆ ಅಂಗಡಿಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಪುಸ್ತಕದ ರಾಶಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದಳು. "ಏನ್ರೀ, ಕನ್ನಡಕ ತಗೊಂಡ್ರಿ, ಸರಿ. ಅದರಲ್ಲಿ ಓದೋಕೆ ಏನಾದ್ರೂ ಬೇಡ್ವಾ?" ಎಂದರೆ ಗಿರಾಕಿಗಳು ನಕ್ಕು ಕೈಚಾಚುತ್ತಿದ್ದರು. ಔಷಧಿ ಅಂಗಡಿಯವನಿಗೆ ಒಂದು, ಜೆರಾಕ್ಸಿನವಳಿಗೆ ಒಂದು, ಹಳೆಯ ಆಪರೇಟರ್ ಗೆಳತಿಯರಿಗೆ ಒಂದೊಂದು. ಮದುವೆಗೆ ಹೊರಟವರನ್ನು ತಡೆದು, ಉಡುಗೊರೆಗೆ ಇದಕ್ಕಿಂತ ಬೇಕೇ ಎಂದು ಕಟ್ಟಿಕೊಟ್ಟಳು. "ನೀವು ಓದಿದ್ರಾ?" ಎಂದು ಯಾರಾದರೂ ಕೇಳಿದರೆ, "ನನ್ನ ತಮ್ಮ ಬರೆದದ್ದು, ನನಗೆ ಗೊತ್ತಿಲ್ವಾ!" ಎನ್ನುವಳು. ಒಂದೊಂದು ಪ್ರತಿ ಅವಳ ಕೈದಾಟಿದಾಗಲೂ ಚಿಂತಾಮಣಿ ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದ. ಬೇರೆ ಲೇಖಕರು ಪುಸ್ತಕ ಹೋಗುತ್ತಿಲ್ಲ ಎಂದು ಕೊರಗುತ್ತಾರೆ. ಇವನ ಕೊರಗು, ಪುಸ್ತಕ ಹೋಗುತ್ತಿದೆಯಲ್ಲ ಎಂದು.

ಒಂದು ದಿನ ನಿವೃತ್ತ ಗುಮಾಸ್ತರೊಬ್ಬರು ಕಣ್ಣು ಪರೀಕ್ಷೆಗೆ ಬಂದರು. ಗಾಜು ಬದಲಾಯಿಸಿ ನೋಡುವ ಭಾರದ ಫ್ರೇಮನ್ನು ಅವರ ಮೂಗಿನ ಮೇಲೆ ಕೂರಿಸಿ, ಅಕ್ಷರದ ಹಲಗೆ ಕೈಗೆ ಕೊಡಬೇಕು ಎನ್ನುವಷ್ಟರಲ್ಲಿ ಅಕ್ಕ, "ಹಲಗೆ ಯಾಕೋ? ಇದನ್ನೇ ಓದಲಿ" ಎಂದು ಪುಸ್ತಕ ಹಿಡಿಸಿದಳು. ಗುಮಾಸ್ತರು ನಡುವೆ ಎಲ್ಲೋ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಶುರುಮಾಡಿದರು: "ನಮ್ಮ ಬೀದಿಯ ಒಬ್ಬ ಆಪ..."

ಚಿಂತಾಮಣಿಯ ಕೈ ತಾನಾಗಿ ಹೋಗಿ ಫ್ರೇಮಿನ ಗಾಜು ಕಿತ್ತು ಬೇರೊಂದನ್ನು ಸಿಕ್ಕಿಸಿತು. "ಈಗ?"

"ಈಗ ಏನೂ ಕಾಣ್ತಿಲ್ವಲ್ಲ! ಮೊದಲಿಂದೇ ಚೆನ್ನಾಗಿತ್ತು."

"ಇದು?"

"ಇದರಲ್ಲಿ ನೀವೂ ಕಾಣ್ತಿಲ್ಲ."

ಅಕ್ಕ ಬಿದ್ದು ಬಿದ್ದು ನಕ್ಕಳು. ಹೋಗುವಾಗ ಗುಮಾಸ್ತರು ಆ ಪುಸ್ತಕವನ್ನೂ ಕೊಂಡೇ ಹೋದರು. ಅಂದು ಚಿಂತಾಮಣಿ ಮನೆಗೆ ಬಂದು ಹೆಂಡತಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು.

"ಅಲ್ಲ ರೀ, ಕನ್ನಡಕದ ಅಂಗಡಿ ಇಟ್ಕೊಂಡು ಅತ್ತಿಗೆಗೆ ಕನ್ನಡಕ ಇಲ್ಲದ ಹಾಗೆ ಮಾಡಿದ್ದೀರಾ? ಕೊಟ್ಟುಬಿಡಿ. ಬೈದರೆ ಬೈಸಿಕೊಳ್ಳಿ."

"ಕೊಡ್ತೀನಿ. ನಾಳೆ."

ಆ ನಾಳೆಯೂ ನಾಳೆಗೇ ಹೋಯಿತು. ಕೊನೆಗೆ ಅವನನ್ನು ಅಲುಗಾಡಿಸಿದ್ದು ಬೇರೆಯೇ ಸಂಗತಿ. ಒಂದು ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ, ಪಕ್ಕದ ಔಷಧಿ ಅಂಗಡಿಯ ಮುಂದೆ ಅಕ್ಕ ಕಂಡಳು. ಮಾತ್ರೆಯ ಪಟ್ಟಿಯನ್ನು ತೋಳುದ್ದಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತಿದ್ದಳು. ಆಮೇಲೆ ಸೋತು ಅಂಗಡಿಯವನ ಮುಂದೆ ಚಾಚಿದಳು.

"ಇದು ಬೆಳಗಿಂದೋ ರಾತ್ರಿದೋ ನೋಡಪ್ಪಾ. ನಿನ್ನೆ ಯಾಕೋ ತಲೆ ಸುತ್ತಿತು, ಅದಲು ಬದಲು ನುಂಗಿದ್ನೋ ಏನೋ."

"ಅಮ್ಮಾ, ಪಕ್ಕದಲ್ಲೇ ತಮ್ಮನ ಕನ್ನಡಕದಂಗಡಿ ಇಟ್ಕೊಂಡು ನನ್ನನ್ನ ಕೇಳ್ತೀರಲ್ಲಾ!" ಎಂದ ಅವನು ತಮಾಷೆಗೆ.

"ಗಾಜು ಬಂದಿಲ್ವಂತೆ ಪಾಪ, ಅವನೇನು ಮಾಡ್ತಾನೆ?"

ಆ 'ಪಾಪ' ಚಿಂತಾಮಣಿಗೆ ಚುಚ್ಚಿತು. ಒಳಗೆ ಹೋಗಿ ಖಾನೆ ಎಳೆದ. ಅಕ್ಕ ಬಂದು ಕುರ್ಚಿಯಲ್ಲಿ ಕೂರುತ್ತಲೇ ಕನ್ನಡಕವನ್ನು ಅವಳ ಕಿವಿಗೆ ತಾನೇ ಸಿಕ್ಕಿಸಿದ. ಅವಳು ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ತೊಡೆಯ ಮೇಲಿದ್ದ ರಾಶಿಯಿಂದ ಒಂದು ಪುಸ್ತಕ ಎತ್ತಿ ಮೊದಲ ಪುಟ ತೆರೆದಳು.

ಅಕ್ಕ ಹಾರಿಸಿ ಓದುವವಳಲ್ಲ. ಕನ್ನಡಕ ಒರೆಸುವ ಹಳದಿ ಬಟ್ಟೆಯನ್ನು ಗುರುತಿಗಿಟ್ಟುಕೊಂಡು, ಅಂಗಡಿಯಲ್ಲೂ ಮನೆಯಲ್ಲೂ ಮೊದಲಿನಿಂದ ಸಾಲು ಸಾಲಾಗಿ ಓದುತ್ತ ಹೋದಳು. ಅವಳು ಬಚ್ಚಲಿಗೋ ಅಂಗಳಕ್ಕೋ ಹೋದಾಗ ಚಿಂತಾಮಣಿ ಕಳ್ಳಹೆಜ್ಜೆಯಲ್ಲಿ ಬಂದು ಆ ಬಟ್ಟೆ ಎಲ್ಲಿಯವರೆಗೆ ಬಂತು ಎಂದು ನೋಡುತ್ತಿದ್ದ. ನಟನ ಪ್ರಸಂಗವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ತಾನೇ ನಕ್ಕಳು. "ಎಷ್ಟು ಚೆನ್ನಾಗಿ ಬರೆದಿದ್ದೀಯೋ! ಇಷ್ಟು ದಿನ ಈ ಬುದ್ಧಿ ಎಲ್ಲಿ ಮುಚ್ಚಿಟ್ಟಿದ್ದೆ?" ಎಂದಳು. ಈಗಲೇ ಹೇಳಿಬಿಡಲೇ ಎಂದು ಅವನು ಬಾಯಿ ತೆರೆದ, ನೀರು ಕುಡಿದು ಮುಚ್ಚಿಕೊಂಡ.

ಒಂದು ದಿನ ಅಕ್ಕ ಅಂಗಡಿಗೆ ಬರಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಖಾಲಿ. ಸ್ವಲ್ಪ ತಡೆದು ಬರಬಹುದು, ಮೊಣಕಾಲು ನೋವಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಧ್ಯಾಹ್ನಕ್ಕೆ ತಡೆಯಲಾಗದೆ ಬಾಗಿಲೆಳೆದು ಮನೆಗೆ ನಡೆದ. ಬೀಗ ಜಗ್ಗಿ ನೋಡುವುದೂ ನೆನಪಾಗಲಿಲ್ಲ.

ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿದ ಪುಸ್ತಕ, ಅದರ ಮೇಲೆ ಮಡಚಿಟ್ಟ ಕನ್ನಡಕ.

"ಊಟ ಮಾಡಿದ್ಯಾ?" ಎಂದಳು, ಅವನತ್ತ ನೋಡದೆ.

"ಇಲ್ಲ."

"ಒಳಗಿದೆ. ಹಾಕ್ಕೊಂಡು ತಿನ್ನು."

ಅವನು ಅಲ್ಲೇ ನಿಂತ.

"ಈ ಕನ್ನಡಕ ರೆಡಿಯಾಗಿ ಎಷ್ಟು ದಿನ ಆಗಿತ್ತೋ?"

"ತುಂಬಾ ದಿನ ಆಗಿತ್ತಕ್ಕ."

"ಹೂಂ. ಅಂದ್ಕೊಂಡೆ." ಕನ್ನಡಕ ಎತ್ತಿಕೊಂಡು ಪುಸ್ತಕವನ್ನು ಅವನತ್ತ ತಳ್ಳಿದಳು. "ಬರೆದೆ, ಆಯ್ತು. ನನ್ನನ್ನ ಕುರುಡಿ ಮಾಡಿ ಕೂರಿಸಿ, ನನ್ನ ಕೈಯಲ್ಲೇ ನನ್ನ ಮಾನ ಮಾರಿಸಿದ್ಯಲ್ಲೋ!"

"ತಪ್ಪಾಯ್ತಕ್ಕ. ಮೊದಲೇ ನಿನ್ನನ್ನ ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ಆಗ ಬಿಡ್ತಿದ್ಯಾ?"

ಅಕ್ಕ ಎದ್ದು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಬೇಕಾದದ್ದನ್ನು ಅಕ್ಕ ಅವನ ಹೆಂಡತಿಯ ಮೂಲಕ ಹೇಳಿಸುತ್ತಿದ್ದಳು. "ಅತ್ತಿಗೆ ನಲ್ಲಿ ಸೋರ್ತಿದೆ ಅಂತಾರೆ" ಎಂದು ಅವಳು, "ಸರಿಮಾಡಿಸ್ತೀನಿ ಅಂತ ಹೇಳು" ಎಂದು ಇವನು. ಅಂಗಡಿಯಲ್ಲಿ ಗಾಜಿನ ಅಂಚು ಅವನ ಕೈಯಲ್ಲಿ ಎರಡೆರಡು ಸಲ ಮುರಿಯಿತು. ಬೀದಿಯಲ್ಲಿ ಇಬ್ಬರು ನಿಂತು ನಕ್ಕರೆ ಅಕ್ಕನ ವಿಷಯವೇ ಇರಬೇಕು ಎನಿಸುತ್ತಿತ್ತು. ಕೊನೆಗೆ ಉಳಿದ ಪ್ರತಿಗಳನ್ನೆಲ್ಲ ಪ್ರೆಸ್ಸಿಗೆ ವಾಪಸ್ ಕಳಿಸಿ ರದ್ದಿ ಮಾಡಿಸುವುದು ಎಂದು ನಿರ್ಧರಿಸಿ, ಅಂಗಡಿಯ ನೆಲದ ಮೇಲೆ ಕೂತು ಹಗ್ಗ ಬಿಗಿಯತೊಡಗಿದ. ಬಾಗಿಲಲ್ಲಿ ನೆರಳು ಬಿತ್ತು.

"ಎಲ್ಲಿಗೋ ಕಟ್ತಿದ್ದೀಯ?"

"ರದ್ದಿಗೆ."

"ಬಿಚ್ಚು. ಕೆಂಪು ಪೆನ್ನು ಇದ್ಯಾ?"

ಅಕ್ಕ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ತನ್ನ ಪ್ರಸಂಗದ ಪುಟ ತೆರೆದಳು. "ಇಲ್ಲಿ 'ಕದ್ದು ಕೇಳಿದಳು' ಅಂತ ಬರೆದಿದ್ದೀಯ. ನಾನು ಕೆಲಸಕ್ಕೆ ಸೇರಿದಾಗಿಂದ ಒಬ್ಬರ ಮಾತನ್ನೂ ಕದ್ದು ಕೇಳಿದವಳಲ್ಲ. ಲೈನ್ ಕೂಡಿತೋ ಇಲ್ವೋ ಅಂತ ನೋಡಲೇಬೇಕು, ಅದು ನಮ್ಮ ಕೆಲಸ. ನೋಡೋವಾಗ ನನ್ನ ಹೆಸರು ಕಿವಿಗೆ ಬಿತ್ತು. ಕದಿಯೋದು ಬೇರೆ, ಕಿವಿಗೆ ಬೀಳೋದು ಬೇರೆ."

"ಹೂಂ ಅಕ್ಕ."

"ಮತ್ತೆ ಈ ಕಣ್ಣೀರು ಎಲ್ಲಿಂದ ಬಂತು? 'ಒಂದು ಹನಿ ಬೋರ್ಡಿನ ಮೇಲೆ ಬಿತ್ತು'. ಯಾರು ನೋಡಿದ್ರು?"

"ಅದು... ಚೆನ್ನಾಗಿರುತ್ತೆ ಅಂತ ಹಾಕಿದೆ."

"ಅಳೋಕೆ ಪುರುಸೊತ್ತೆಲ್ಲಿತ್ತು? ಅವನ ಹಿಂದೆ ಇನ್ನೆಷ್ಟು ಜನ ಲೈನಿಗೆ ಕಾಯ್ತಿದ್ರು. ಹೊಡಿ ಅದನ್ನ."

ಇಬ್ಬರೂ ಎದುರುಬದುರು ಕೂತು ತಿದ್ದಿದರು. ಅವನು ಸಾಲು ಹೊಡೆದುಹಾಕುವುದು, ಅವಳು ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ 'ಕಿವಿಗೆ ಬಿತ್ತು' ಎಂದು ಬರೆಯುವುದು. ಅವಳ ಕೋಪ ಇಳಿದಿದೆ ಎಂದು ಅವನಿಗೆ ಧೈರ್ಯವಾಗಿ ಅಂದುಕೊಳ್ಳಲಾಗಲಿಲ್ಲ. ಆದರೂ ಅವಳು ಬಂದು ಕೂತಿದ್ದಾಳೆ ಎನ್ನುವುದೇ ಅವನಿಗೆ ಹೋದ ಜೀವ ಬಂದಂತೆ.

ಮಾರಿಹೋದ ಪ್ರತಿಗಳನ್ನೂ ಅಕ್ಕ ಬಿಡಲಿಲ್ಲ. ಯಾರಿಗೆ ಕೊಟ್ಟಿದ್ದಳೋ ಒಬ್ಬೊಬ್ಬರೂ ಅವಳಿಗೆ ನೆನಪಿದ್ದರು. ಬೀದಿಯ ತುದಿಯಲ್ಲಿ ಕಂಡರೆ ಸಾಕು, ಪುಸ್ತಕ ತನ್ನಿ ಎಂದು ಕೂಗುತ್ತಿದ್ದಳು. ಗುಮಾಸ್ತರು ತಮ್ಮದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಚಿಂತಾಮಣಿ ಯಂತ್ರದ ಮರೆಗೆ ಸರಿದ.

"ಒಂದು ಮಾತು ಕೇಳಬಹುದಾ? ಆ ಆಪರೇಟರ್ ನೀವೇನಾ?" ಎಂದರು ಅವರು ದನಿ ತಗ್ಗಿಸಿ.

"ನಾನೇ. ಕೊಡಿ ಇಲ್ಲಿ, ಎರಡು ತಪ್ಪಿದೆ."

"ಹಾಗಾದ್ರೆ ಆ ಹುಡುಗ ಸಂಬಳದ ಮಾತು ಆಡಿದ್ದು...?"

"ಅದೊಂದನ್ನ ಮಾತ್ರ ಇವನು ಸರಿಯಾಗಿ ಬರೆದಿದ್ದಾನೆ."

ಗುಮಾಸ್ತರು ತಲೆಯಾಡಿಸಿದರು. ಆಮೇಲೆ ಮಗಳಿಗೆ ಕಳಿಸಬೇಕು ಎಂದು ಇನ್ನೊಂದು ಪ್ರತಿ ಕೇಳಿದರು. ಅಕ್ಕ ರಾಶಿಯಿಂದ ಒಂದನ್ನು ಎಳೆದು, ತಿದ್ದಿದೆಯೇ ಎಂದು ಪುಟ ತೆರೆದು ನೋಡಿ ಕೊಟ್ಟಳು.

ಚಿಂತಾಮಣಿ ಮತ್ತೆ ಬರೆಯುತ್ತಿದ್ದಾನೆ. ಬರೆದದ್ದನ್ನು ಮೊದಲು ಅಕ್ಕನ ಕೈಗೇ ಕೊಡುತ್ತಾನೆ. ಅವಳು ಕನ್ನಡಕ ಏರಿಸಿದ ಕ್ಷಣದಿಂದ ಇಳಿಸುವವರೆಗೆ ಅವನಿಗೆ ಉಸಿರಿಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಾಳೆ, ಸುಳ್ಳಿದ್ದರೆ ಬೆರಳಿಟ್ಟು ತೋರಿಸುತ್ತಾಳೆ. ಆದರೆ ಮೊದಲಿನಂತೆ ಅವನ ಹತ್ತಿರ ಮನಸ್ಸು ಬಿಚ್ಚುವುದಿಲ್ಲ. ಟೀ ಕುಡಿಯುವಾಗ ಹಳೆಯದೇನನ್ನೋ ನೆನೆದು, "ಒಂದು ಸಲ ಏನಾಯ್ತು ಅಂದ್ರೆ..." ಎಂದು ಶುರುಮಾಡಿ, ಅವನ ಮುಖ ನೋಡಿ, ಲೋಟ ಕೆಳಗಿಡುತ್ತಾಳೆ.

"ಬಿಡು, ಆಮೇಲೆ ಹೇಳ್ತೀನಿ" ಎನ್ನುತ್ತಾಳೆ.

ಅವನೂ ಮತ್ತೆ ಕೇಳುವುದಿಲ್ಲ.