ಕೆಂಗೇರಿಯ ಟುಸ್ ತೋಟಾಗಳು

೧೯೮೬ರಲ್ಲಿ ನಾನು ಕೆಂಗೇರಿಯ ಆಚೆ, ಗುಡ್ಡದ ಬುಡದಲ್ಲಿದ್ದ ಒಂದು ರೈಫಲ್ ಕ್ಲಬ್ಬಿನ ತಾಂತ್ರಿಕ ಕಾರ್ಯದರ್ಶಿಯಾಗಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ, ಚರ್ಚಾಸ್ಪರ್ಧೆಗಳಲ್ಲಿ ಒಂದಷ್ಟು ಕಪ್ಪುಗಳನ್ನು ಗೆದ್ದಿದ್ದ, ಜಗತ್ತನ್ನು ಸರಿಪಡಿಸಬಹುದೆಂದು ಪ್ರಾಮಾಣಿಕವಾಗಿ ನಂಬಿದ್ದ ಯುವಕನಿಗೆ ಅದು ವಿಚಿತ್ರ ಹುದ್ದೆಯೆಂದು ನನ್ನ ಗೆಳೆಯರು ನಗುತ್ತಿದ್ದರು. ನನಗೆ ಹಾಗನ್ನಿಸಿರಲಿಲ್ಲ. ಗುರಿ ಹೊಡೆಯುವ ಕ್ರೀಡೆ ದೊಡ್ಡ ಬಂಗಲೆಯವರಿಗೂ ಬೇಟೆಯ ನೆನಪಿನಲ್ಲಿ ಬದುಕುವ ಶ್ರೀಮಂತರಿಗೂ ಮಾತ್ರ ಮೀಸಲಾಗಿರುವುದು ಅನ್ಯಾಯ ಎಂಬುದು ನನ್ನ ವಾದ. ಕಣ್ಣು ನೆಟ್ಟಗಿದ್ದು ಉಸಿರು ಹಿಡಿತದಲ್ಲಿರುವ ಯಾವ ಗುಮಾಸ್ತನಾದರೂ, ಯಾವ ಕಾರ್ಖಾನೆ ಕೆಲಸಗಾರನಾದರೂ ಈ ಕ್ರೀಡೆಗೆ ಅರ್ಹ. ಬಸವೇಶ್ವರನಗರದಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಮೈಸೂರು ರಸ್ತೆ ಹಿಡಿದು ಹೋಗುವಾಗ ನಾನು ಈ ವಾದವನ್ನು ಗಾಳಿಗೆ ಹೇಳಿ ಹೇಳಿ ಪಕ್ವಗೊಳಿಸುತ್ತಿದ್ದೆ.

ಈ ವಾದ ಬರೀ ಮಾತಾಗಿ ಉಳಿಯದಂತೆ ನೋಡಿಕೊಂಡದ್ದು ನಮ್ಮ ಲೋಡಿಂಗ್ ರೂಮು. ಕಾರ್ಖಾನೆಯಲ್ಲಿ ತಯಾರಾದ ತೋಟಾಗಳ ಬೆಲೆ ಸಂಬಳದವರ ಕೈಗೆಟುಕುವಂಥದ್ದಲ್ಲ. ಆದರೆ ಒಂದು ತೋಟಾ ಹಾರಿದ ಮೇಲೂ ಅದರ ಹಿತ್ತಾಳೆಯ ಕವಚ ಉಳಿಯುತ್ತದೆ. ಅದನ್ನು ತೊಳೆದು, ಅಳತೆಗೆ ತಂದು, ಮತ್ತೆ ತುಂಬಿದರೆ ಖರ್ಚು ಬಹಳ ಇಳಿಯುತ್ತದೆ. ಇದಕ್ಕೆ ಸರ್ಕಾರದ ಪರವಾನಗಿ ಬೇಕು. ಅದನ್ನು ಪಡೆಯಲು ನಾನು ಕಚೇರಿಯಿಂದ ಕಚೇರಿಗೆ ಅಲೆದ ಕಥೆ ಬೇರೆಯೇ ಇದೆ.

ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕವಚ, ಅದರೊಳಗಿನ ಮದ್ದು, ಮುಂದಿನ ಗುಂಡು, ಮತ್ತು ಕವಚದ ತಳದಲ್ಲಿ ಕೂರುವ ಪ್ರೈಮರ್. ಪ್ರೈಮರ್ ಎಂದರೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಲೋಹದ ಬಟ್ಟಲು. ಮಕ್ಕಳ ಪಿಸ್ತೂಲಿನ ಕ್ಯಾಪಿನಲ್ಲಿರುವಂತೆ, ಪೆಟ್ಟು ಬಿದ್ದರೆ ಕಿಡಿಯಾಗುವ ಮದ್ದು ಅದರಲ್ಲಿರುತ್ತದೆ. ರೈಫಲಿನ ಸೂಜಿ, ಅಂದರೆ ಫೈರಿಂಗ್ ಪಿನ್, ಅದಕ್ಕೆ ಬಡಿದಾಗ ಕಿಡಿ ಹಾರಿ ಒಳಗಿನ ಮದ್ದು ಹೊತ್ತಿಕೊಳ್ಳುತ್ತದೆ. ಪ್ರೈಮರ್ ಕೈಕೊಟ್ಟರೆ 'ಟಿಕ್' ಎಂಬ ಸದ್ದಷ್ಟೇ ಉಳಿಯುತ್ತದೆ.

ಲೋಡಿಂಗ್ ರೂಮಿನ ಒಡೆಯ ಗಂಗಣ್ಣ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿ ದುಡಿದು ನಮ್ಮಲ್ಲಿಗೆ ಬಂದವರು. ಮೇಜಿಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದ ಕೈಪ್ರೆಸ್ಸಿನಲ್ಲಿ ಪ್ರೈಮರ್ ಕೂರಿಸುವುದು, ಮದ್ದು ತೂಗುವುದು, ಗುಂಡು ಒತ್ತುವುದು ಎಲ್ಲವೂ ಅವರದೇ. ಅವರು ತುಂಬಿಕೊಟ್ಟ ತೋಟಾಗಳಲ್ಲಿ ಅಭ್ಯಾಸ ಮಾಡುತ್ತಿದ್ದವರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವರು ಜಯಲಕ್ಷ್ಮಿ. ವಿಜಯನಗರದವರು, ಒಂದು ಕಚೇರಿಯಲ್ಲಿ ಗುಮಾಸ್ತೆ. ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ದೀಪಾವಳಿ ಮುಗಿದ ಮೇಲೆ ರಾಜ್ಯ ತಂಡದ ಆಯ್ಕೆ ನಡೆಯುವುದಿತ್ತು. ಆಕೆ ಅದಕ್ಕೆ ಸಿದ್ಧರಾಗುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷರು ಒಬ್ಬ ನಿವೃತ್ತ ಕರ್ನಲ್. ನ್ಯಾಯವಂತರು, ಆದರೆ ಶುಚಿತ್ವದ ವಿಷಯದಲ್ಲಿ ಯಾರ ಮಾತನ್ನೂ ಕೇಳದವರು. ಆ ವರ್ಷ ಪ್ರೆಸ್ಸಿಗೆ ಹೊಸದಾಗಿ ಬೂದು ಬಣ್ಣ ಬಳಿಸಿದ್ದರು. ಲೋಡಿಂಗ್ ರೂಮಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಒಲವಿರಲಿಲ್ಲ. "ಎರಡನೇ ಸಲ ಕಾಯಿಸಿದ ಕಾಫಿ, ಎರಡನೇ ಸಲ ತುಂಬಿದ ತೋಟಾ, ಎರಡೂ ನನಗಾಗದು" ಎನ್ನುತ್ತಿದ್ದರು.

ವಿಜಯದಶಮಿಯ ನಂತರದ ಭಾನುವಾರ ಬೆಳಿಗ್ಗೆ ತೊಂದರೆ ಕಾಣಿಸಿಕೊಂಡಿತು. ಗುರಿ ಹೊಡೆಯುವ ಬಯಲಿನಲ್ಲಿ, ಅಂದರೆ ರೇಂಜಿನಲ್ಲಿ, ಜಯಲಕ್ಷ್ಮಿ ಉಸಿರು ಬಿಗಿಹಿಡಿದು ಟ್ರಿಗರ್ ಒತ್ತಿದರು. ಟಿಕ್. ಗುಂಡು ಹಾರಲಿಲ್ಲ. ನಿಯಮದಂತೆ ರೈಫಲಿನ ಬಾಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಅರ್ಧ ನಿಮಿಷ ಕಾದರು. ಕಿಡಿ ಕೆಲವೊಮ್ಮೆ ತಡವಾಗಿ ಹೊತ್ತುವುದುಂಟು. ಏನೂ ಆಗಲಿಲ್ಲ. ಆ ತೋಟಾ ತೆಗೆದು ಮರಳಿನ ಡಬ್ಬಿಗೆ ಹಾಕಿದೆವು. ಮುಂದಿನ ಎರಡು ಹಾರಿದವು, ಮೂರನೆಯದು ಮತ್ತೆ ಟಿಕ್. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಅಂಥವು ಒಂದು ಬೊಗಸೆಯಷ್ಟಾದವು.

ಕರ್ನಲ್ ಸಾಹೇಬರು ಡಬ್ಬಿಯೊಳಗೆ ಇಣುಕಿದರು.

"ಮೂರ್ತಿ, ಇದು ರೈಫಲ್ ಕ್ಲಬ್ಬೋ, ದೀಪಾವಳಿ ಅಂಗಡಿನೋ? ಎಲ್ಲಾ ಟುಸ್ ಪಟಾಕಿ ಆಗಿದೆಯಲ್ರೀ."

"ಕಾರಣ ಹುಡುಕ್ತೀನಿ ಸಾರ್."

"ಹುಡುಕಿ. ಮುಂದಿನ ಭಾನುವಾರ ಕಮಿಟಿ ಇದೆ. ಅಷ್ಟರಲ್ಲಿ ಸಿಗದಿದ್ರೆ ರೂಮಿಗೆ ಬೀಗ. ನಂಬೋಕಾಗದ ತೋಟಾನ ನನ್ನ ರೇಂಜಲ್ಲಿ ನಾನು ಬಿಡಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು. ಬೀಗ ಬಿದ್ದರೆ ಜಯಲಕ್ಷ್ಮಿಯಂಥವರ ಅಭ್ಯಾಸ ಅಂದಿಗೇ ನಿಲ್ಲುತ್ತಿತ್ತು. ಆಕೆ ಹೊರಡುವಾಗ, "ಸಾರ್, ಆಯ್ಕೆಗೆ ಮುಂಚೆ ಪ್ರಾಕ್ಟೀಸ್ ತಪ್ಪಿದ್ರೆ ನಾನು ಹೋಗೋದೇ ವೇಸ್ಟು" ಎಂದಷ್ಟೇ ಹೇಳಿ ಬಸ್ ಸ್ಟಾಪಿನ ಕಡೆ ನಡೆದರು.

ಚರ್ಚಾಸ್ಪರ್ಧೆ ನನಗೆ ಕಲಿಸಿದ್ದ ಒಂದು ಶಿಸ್ತಿದೆ. ನಮ್ಮ ಪಕ್ಷವನ್ನು ಮಂಡಿಸುವ ಮೊದಲು ಎದುರು ಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಲು ಬರಬೇಕು. ಹಾಗಾಗಿ ಸೋಮವಾರ ಬೆಳಿಗ್ಗೆ ನಾನು ಕರ್ನಲ್ ಸಾಹೇಬರ ವಕೀಲನಾಗಿ ಲೋಡಿಂಗ್ ರೂಮಿಗೆ ಕಾಲಿಟ್ಟೆ. ತಪ್ಪು ಮೂರು ಕಡೆ ಇರಬಹುದಿತ್ತು: ರೈಫಲ್, ಪ್ರೈಮರ್, ಇಲ್ಲವೇ ನಾವು ತುಂಬುವ ರೀತಿ.

ರೈಫಲಿನ ಮೇಲಿನ ಆರೋಪ ಬೇಗ ಬಿದ್ದುಹೋಯಿತು. ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಸೋತಿದ್ದರೆ ಪೆಟ್ಟು ದುರ್ಬಲವಾಗುತ್ತದೆ; ಆಗ ಎಲ್ಲ ತೋಟಾಗಳೂ ಕೈಕೊಡಬೇಕು. ಕಾರ್ಖಾನೆಯ ತೋಟಾಗಳನ್ನು ಅದೇ ರೈಫಲಿನಲ್ಲಿ ಹಾಕಿದೆವು. ಒಂದೂ ತಪ್ಪಲಿಲ್ಲ.

ಎರಡನೆಯ ಆರೋಪಿ ಪ್ರೈಮರ್. ಆ ತಿಂಗಳು ಮಳೆ ಬಿಟ್ಟಿರಲಿಲ್ಲ. ಪೆಟ್ಟಿಗೆಗೆ ತೇವ ತಗುಲಿರಬಹುದು. ಎಣ್ಣೆ ಇನ್ನೂ ದೊಡ್ಡ ಶತ್ರು. ಒಂದು ಹನಿ ಜಿನುಗಿದರೂ ಪ್ರೈಮರಿನ ಮದ್ದು ಸತ್ತುಹೋಗುತ್ತದೆ. ನನ್ನ ದೃಷ್ಟಿ ಗಂಗಣ್ಣನ ಮಿರಮಿರ ಮಿಂಚುವ ತಲೆಗೂದಲಿನ ಕಡೆ ಹೋದದ್ದನ್ನು ಅವರು ಗಮನಿಸಿಬಿಟ್ಟರು.

"ಸಾರ್, ಕೊಬ್ರಿ ಎಣ್ಣೆ ತಲೆಗೆ ಹಚ್ಚೋದು, ಪ್ರೈಮರ್‌ಗಲ್ಲ. ಡೌಟಿದ್ರೆ ನೇರವಾಗಿ ಕೇಳ್ಬುಡಿ."

"ಡೌಟ್ ನಿಮ್ಮ ಮೇಲಲ್ಲ ಗಂಗಣ್ಣ, ಎಣ್ಣೆ ಮೇಲೆ."

"ಎಣ್ಣೆ ಯಾರ್ದು? ನಂದೇ ತಾನೆ!"

ಅವರು ಚಿಮಟದಲ್ಲಿ ಪ್ರೈಮರ್ ಎತ್ತಿ, ಕೈ ಒರೆಸಿಕೊಂಡ ಬಟ್ಟೆಯನ್ನು ನನ್ನ ಮೂಗಿನ ಮುಂದೆ ಹಿಡಿದರು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಪೆಟ್ಟಿಗೆಯ ಪ್ರೈಮರುಗಳನ್ನು ನಮ್ಮಲ್ಲಿದ್ದ ಹಳೆಯ ಕೈ ಉಪಕರಣವೊಂದರಿಂದ ಖಾಲಿ ಕವಚಗಳಿಗೆ ಕೂರಿಸಿ, ಮದ್ದಿಲ್ಲದೆ ಬರೀ ಪ್ರೈಮರ್ ಹೊಡೆದು ನೋಡಿದೆ. ಪಟಪಟನೆ ಎಲ್ಲವೂ ಸಿಡಿದವು. ಪ್ರೈಮರ್ ನಿರ್ದೋಷಿ.

ಉಳಿದದ್ದು ತುಂಬುವ ರೀತಿ. ಗಂಗಣ್ಣ ಪ್ರೈಮರ್ ಕೂರುವ ಗುಳಿಗಳನ್ನು ಕಸವಿಲ್ಲದಂತೆ ಕೆರೆಯುತ್ತಿದ್ದರು. ಪ್ರೆಸ್ಸು ಹೊಸ ಬಣ್ಣದಲ್ಲಿ ಮದುಮಗನಂತೆ ಹೊಳೆಯುತ್ತಿತ್ತು. ಲಿವರ್ ಕೊನೆಯವರೆಗೂ ಹೋಗಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಶುಕ್ರವಾರದವರೆಗೂ ನನಗೆ ಏನೂ ಹೊಳೆಯಲಿಲ್ಲ.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಜಯಲಕ್ಷ್ಮಿ ನೇರವಾಗಿ ರೇಂಜಿಗೆ ಬಂದರು. ಹಾರದೆ ಉಳಿದಿದ್ದ ತೋಟಾಗಳಿಗೆ ಮತ್ತೊಂದು ಪೆಟ್ಟು ಕೊಟ್ಟು ನೋಡೋಣವೆಂದು ಗೊತ್ತುಮಾಡಿಕೊಂಡೆವು. ಮೊದಲನೆಯದನ್ನು ಹಾಕಿದರು. ಢಂ. ಎರಡನೆಯದು, ಢಂ. ಮೂರನೆಯದೂ ಹಾರಿತು. ಆಕೆ ರೈಫಲ್ ಕೆಳಗಿಟ್ಟು, ಹಿಂದೆ ನಿಂತಿದ್ದ ಗಂಗಣ್ಣನ ಕಡೆ ತಿರುಗಿದರು.

"ಗಂಗಣ್ಣ, ನಿಮ್ ತೋಟಾ ಥೇಟ್ ನಮ್ಮ ಆಫೀಸೇ ಬಿಡಿ. ಒಂದ್ಸಲ ಕೇಳಿದ್ರೆ ಏನೂ ಆಗಲ್ಲ. ಎರಡನೇ ಸಲ ಹೋಗಿ ಬಾಗಿಲು ತಟ್ಟಿದ್ರೆ ಕೆಲ್ಸ ಆಗತ್ತೆ."

ಎಲ್ಲರೂ ನಕ್ಕೆವು. ನಗುತ್ತಿದ್ದಂತೆ ನನ್ನೊಳಗಿನ ತರ್ಕ ಎದ್ದು ಕುಳಿತಿತು. ತೇವ ಹಿಡಿದ ಪ್ರೈಮರ್ ಎಷ್ಟು ಬಡಿದರೂ ಏಳುವುದಿಲ್ಲ. ಇವು ಎರಡನೆಯ ಪೆಟ್ಟಿಗೆ ಎದ್ದಿದ್ದವು. ಹಾಗಿದ್ದರೆ ಮೊದಲ ಪೆಟ್ಟು ಬೇರೇನೋ ಕೆಲಸ ಮಾಡಿ ಮುಗಿಸಿದೆ. ಹಾಸಿಗೆಯ ಮೇಲಿಟ್ಟು ತೆಂಗಿನಕಾಯಿ ಒಡೆಯಲು ಹೊರಟರೆ ಏನಾಗುತ್ತದೆ? ಪೆಟ್ಟೆಲ್ಲ ಕಾಯಿಯನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ. ಅದೇ ಕಾಯಿ ಕಲ್ಲಿನ ಮೇಲಿದ್ದರೆ ಒಂದೇ ಏಟಿಗೆ ಹೋಳಾಗುತ್ತದೆ. ನಮ್ಮ ಪ್ರೈಮರುಗಳು ಗುಳಿಯ ತಳಕ್ಕೆ ತಾಗಿರಲಿಲ್ಲ. ಮೊದಲ ಪೆಟ್ಟು ಅವನ್ನು ತಳಕ್ಕೆ ಕೂರಿಸುತ್ತಿತ್ತು, ಎರಡನೆಯದು ಸಿಡಿಸುತ್ತಿತ್ತು.

ಲೋಡಿಂಗ್ ರೂಮಿಗೆ ಓಡಿದೆ. ಇನ್ನೂ ಬಳಸದ ತೋಟಾಗಳನ್ನು ಮೇಜಿನ ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಸರಿಯಾಗಿ ಕೂತ ಪ್ರೈಮರ್ ಕವಚದ ತಳಕ್ಕಿಂತ ಒಂದಿಷ್ಟು ಒಳಗಿರಬೇಕು. ಆಗ ತೋಟಾ ಅಲುಗಾಡದೆ ನಿಲ್ಲುತ್ತದೆ. ನಮ್ಮವು ಹಲವು ತೂಗಾಡಿದವು. ಬೆರಳಾಡಿಸಿದರೆ ತಳದಲ್ಲಿ ಕೂದಲೆಳೆಯಷ್ಟು ಉಬ್ಬು ಸಿಗುತ್ತಿತ್ತು.

"ಲಿವರ್ ಕೊನೇವರ್ಗೂ ಒತ್ತಿದೀನಿ ಸಾರ್" ಎಂದರು ಗಂಗಣ್ಣ. ಧ್ವನಿ ಸ್ವಲ್ಪ ತಗ್ಗಿತ್ತು.

"ಒತ್ತಿದೀರಿ. ಆದ್ರೆ ಕೊನೆ ಅನ್ನೋದು ಎಲ್ಲಿದೆ ಅಂತ ನೋಡ್ಬೇಕು."

ನಾನು ಟಾರ್ಚ್ ಹಿಡಿದು ಮೇಜಿನ ಕೆಳಗೆ ಮಲಗಿದೆ. ಲಿವರಿನ ಕೀಲು ಪ್ರೆಸ್ಸಿನ ಮೈಗೆ ತಾಗಿ ನಿಲ್ಲುವ ಜಾಗ ಅಲ್ಲಿತ್ತು. ಆ ಕೀಲಿಗೆ, ಯಾರ ಕಣ್ಣಿಗೂ ಬೀಳದಂತೆ, ಅರಿಶಿನ ಹಚ್ಚಿದ ಹತ್ತಿಯ ದಾರವನ್ನು ಸುತ್ತಿ ಸುತ್ತಿ ಕಟ್ಟಲಾಗಿತ್ತು. ಆಯುಧಪೂಜೆಯ ಕಂಕಣ. ಲಿವರ್ ಒತ್ತಿದಾಗಲೆಲ್ಲ ದಾರದ ಸುತ್ತುಗಳು ನಡುವೆ ಸಿಕ್ಕಿ ಕಬ್ಬಿಣ ಕಬ್ಬಿಣಕ್ಕೆ ತಾಗದಂತೆ ತಡೆಯುತ್ತಿದ್ದವು. ಹತ್ತಿ ಒಮ್ಮೆ ಹೆಚ್ಚು ಅಮುಕುತ್ತದೆ, ಒಮ್ಮೆ ಕಡಿಮೆ. ಆದ್ದರಿಂದಲೇ ಕೆಲವು ಹಾರಿದವು, ಕೆಲವು ಹಾರಲಿಲ್ಲ.

ನಾನು ಹೊರಬಂದಾಗ ಗಂಗಣ್ಣ ಕಿಟಕಿಯ ಕಡೆ ನೋಡುತ್ತಿದ್ದರು.

"ಅಲ್ಲಿ ಯಾಕೆ ಕಟ್ಟಿದ್ರಿ ಗಂಗಣ್ಣ?"

"ಮತ್ತೆಲ್ಲಿ ಕಟ್ಟಲಿ ಸಾರ್? ಹೂವು, ಕುಂಕುಮ, ದಾರ, ಯಾವ್ದೂ ಮಿಷಿನ್ ಮೇಲೆ ಕಾಣ್ಬಾರ್ದು ಅಂತ ಕರ್ನಲ್ ಸಾಹೇಬ್ರು ಈ ಸಲ ಆರ್ಡರ್ ಮಾಡಿದ್ರಲ್ಲ, ಬಣ್ಣ ಹಾಳಾಗುತ್ತೆ ಅಂತ. ಕಾಣ್ಬಾರ್ದು ಅಂದ್ರು. ಕಾಣದ ಕಡೆ ಕಟ್ದೆ."

ಜಯಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆದರು. ಗಂಗಣ್ಣ ನಗಲಿಲ್ಲ. "ನಾಳೆ ಮೀಟಿಂಗಲ್ಲಿ ನನ್ ಹೆಸ್ರು ಹೇಳ್ಬುಡಿ. ನಾನ್ ಹೋದ್ರೂ ಪರ್ವಾಗಿಲ್ಲ, ರೂಮ್ ಮುಚ್ಚೋದ್ ಬೇಡ" ಎಂದರು. ಆಮೇಲೆ ತಾವೇ ಕೈಮುಗಿದು ದಾರ ಬಿಚ್ಚಿ, ಅದನ್ನು ಮೇಜಿನ ಕಾಲಿಗೆ ಕಟ್ಟಿದರು. ಸಂಜೆಯೊಳಗೆ ಹೊಸದಾಗಿ ಇಪ್ಪತ್ತು ತೋಟಾ ತುಂಬಿದೆವು. ಗಾಜಿನ ಮೇಲೆ ಒಂದೂ ಅಲುಗಲಿಲ್ಲ.

ಭಾನುವಾರದ ಸಭೆಯಲ್ಲಿ ನಾನು ನಡೆದದ್ದನ್ನು ಕ್ರಮವಾಗಿ ವಿವರಿಸಿದೆ. ಗಂಗಣ್ಣನನ್ನು ಮರೆಮಾಚಲಿಲ್ಲ, ಅವರಿಗೆ ಆ ಜಾಗ ತೋರಿಸಿದ ಆಜ್ಞೆಯನ್ನೂ ಮರೆಮಾಚಲಿಲ್ಲ. ಕರ್ನಲ್ ಸಾಹೇಬರ ಮೀಸೆ ಬಿಗಿಯಾಯಿತು.

"ಅಂದ್ರೆ ತಪ್ಪು ನಂದು ಅಂತೀರಾ?"

"ಆಜ್ಞೆಯ ಉದ್ದೇಶ ಸರಿ ಸಾರ್. ಭಕ್ತಿಯೂ ಸರಿ. ಎರಡೂ ಭೇಟಿಯಾದ ಜಾಗ ಸರಿಯಿರಲಿಲ್ಲ."

ಅವರು ಬಾಗಿಲ ಬಳಿ ನಿಂತಿದ್ದ ಗಂಗಣ್ಣನನ್ನು ಒಳಗೆ ಕರೆದರು. "ಕಟ್ಟಲೇಬೇಕೇನ್ರೀ ಅದನ್ನ?"

"ಕಟ್ದೆ ಇದ್ರೆ ಕೈ ಓಡಲ್ಲ ಸಾರ್."

ಕರ್ನಲ್ ಸಾಹೇಬರು ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. "ನಮ್ಮ ರೆಜಿಮೆಂಟಲ್ಲಿ ಫಿರಂಗಿಗೇ ಪೂಜೆ ಮಾಡ್ತಿದ್ವಿ ಕಣ್ರೀ. ಆದ್ರೆ ಫಿರಂಗಿ ಬಾಯಿಗೆ ಯಾರೂ ತೆಂಗಿನಕಾಯಿ ತುರುಕ್ಲಿಲ್ಲ!" ನಗು ನಿಲ್ಲಿಸಿ ಎದ್ದರು. "ಕಥೆ ಚೆನ್ನಾಗಿದೆ. ನನಗೆ ಸಾಕ್ಷಿ ಬೇಕು. ಆ ಇಪ್ಪತ್ತನ್ನೂ ಈಯಮ್ಮ ಹೊಡೀಲಿ. ಒಂದು ಟಿಕ್ ಅಂದ್ರೂ ಬೀಗ."

ಕಮಿಟಿಯವರೆಲ್ಲ ರೇಂಜಿಗೆ ನಡೆದರು. ಜಯಲಕ್ಷ್ಮಿ ಚಾಪೆಯ ಮೇಲೆ ಮಲಗಿ ರೈಫಲ್ ಹೆಗಲಿಗೆ ಒತ್ತಿಕೊಂಡರು. ಒಂದೊಂದು ಸದ್ದಿಗೂ ಗಂಗಣ್ಣನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರೋ ಪ್ರಾರ್ಥಿಸುತ್ತಿದ್ದರೋ ತಿಳಿಯದು. ಅರ್ಧ ದಾಟಿತು. ಕೊನೆಯದಕ್ಕೆ ಆಕೆ ಬೇಕೆಂದೇ ತಡಮಾಡಿದರೆಂದು ನನಗೆ ಇಂದಿಗೂ ಅನುಮಾನ. ಢಂ ಎಂದಾಗ ಗುಡ್ಡ ಮಾರ್ದನಿಗೊಟ್ಟಿತು. ಇಪ್ಪತ್ತೂ ಹಾರಿದ್ದವು, ಗುರಿಹಲಗೆಯ ನಡುವೆ ತೂತುಗಳು ಒಂದರ ಮೇಲೊಂದು ಬಿದ್ದಿದ್ದವು.

ಕರ್ನಲ್ ಸಾಹೇಬರು ದುರ್ಬೀನು ಇಳಿಸಿದರು. "ರೂಮ್ ಇರ್ಲಿ. ಆ ಹೂವು, ದಾರದ ಆರ್ಡರ್ ತೆಗೆದ್ಹಾಕಿ. ಗಂಗಣ್ಣ, ಮುಂದಿನ ಸಲ ದಾರ ಕಟ್ಟೋವಾಗ ನನ್ನನ್ನೂ ಕರೀರಿ. ಎಲ್ಲಿ ಕಟ್ತೀರಿ ಅಂತ ನಾನೂ ನೋಡ್ಬೇಕು."

"ಬಾಳೆಹಣ್ಣು, ಪುರಿ ಸಮೇತ ಕರೀತೀನಿ ಸಾರ್" ಎಂದರು ಗಂಗಣ್ಣ. ಜಯಲಕ್ಷ್ಮಿಯ ಅಭ್ಯಾಸ ಆ ಮಧ್ಯಾಹ್ನವೇ ಮತ್ತೆ ಶುರುವಾಯಿತು.

ಆಮೇಲೆ ಹಲವು ಸಂಸ್ಥೆಗಳಲ್ಲಿ ಕೆಲಸ ಮಾಡಿದೆ. ಸುಧಾರಣೆಯ ಹುಮ್ಮಸ್ಸಿನಲ್ಲಿ ಬಹಳಷ್ಟು ನಿಯಮಗಳನ್ನು ಬರೆದೆ. ಜನರಿಗೆ ಪ್ರಿಯವಾದದ್ದನ್ನು ನಿಷೇಧಿಸಿದರೆ ಅದು ಮಾಯವಾಗುವುದಿಲ್ಲ, ಕಾಣದ ಕಡೆಗೆ ಸರಿಯುತ್ತದೆ. ಯಂತ್ರದಲ್ಲಿ ಕಾಣದ ಕಡೆಯೇ ಬಹುಪಾಲು ಸೂಕ್ಷ್ಮವಾದ ಕಡೆ. ಆದ್ದರಿಂದ ಯಾವ ನಿಯಮದ ಕರಡು ಬರೆದರೂ, ಅದನ್ನು ಪಾಲಿಸಬೇಕಾದವರನ್ನು ಕೂರಿಸಿಕೊಂಡು, ಕಾಫಿ ತರಿಸಿ, "ಇದರಿಂದ ನೀವು ಹೇಗೆ ತಪ್ಪಿಸಿಕೊಳ್ತೀರಿ, ಹೇಳಿ" ಎಂದು ಕೇಳುವುದನ್ನು ರೂಢಿಸಿಕೊಂಡೆ. ಮೊದಲು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಆಮೇಲೆ ನಗುತ್ತಾ ಹೇಳಿಬಿಡುತ್ತಿದ್ದರು. ಆ ಉತ್ತರ ಕೇಳಿದ ಮೇಲೆ ಕರಡನ್ನು ಹರಿದು ಇನ್ನೊಂದು ಬರೆಯುತ್ತಿದ್ದೆ.